ನಾಲ್ಕನೆಯವನು

ಐವರ ತಂಡದಲ್ಲಿ ನಾನು ನಾಲ್ಕನೆಯವನು.
ಬಾಗಿಲು ಕಾಯುವ ಕೆಲಸ. ಗುರಾಣಿ ಹಿಡಿದು
ಯಾರಾದರೂ ನುಗ್ಗಿದರೆ ಅಡ್ಡ ನಿಲ್ಲುವುದು.

ಕೋಟ್ಕಾದಲ್ಲಿ ಜನವರಿ. ನಾಲ್ಕಕ್ಕೆಲ್ಲ ಕತ್ತಲು.
ಟಗ್ ದೋಣಿಯ ಪಾಳಿ ಮುಗಿಸಿ, ಹಗ್ಗ ಎಳೆದೆಳೆದು
ಸೆಟೆದ ಬೆರಳುಗಳನ್ನು ಕಾಫಿ ಲೋಟಕ್ಕೆ ಒತ್ತಿ ಮೆದು ಮಾಡಿಕೊಂಡು
ಹೆಡ್‌ಫೋನ್ ಏರಿಸುತ್ತಿದ್ದೆ. ಒಳಗೆ ಮೂವರು ಗೆಳೆಯರು,
ಒಬ್ಬರ ಮುಖ ಒಬ್ಬರು ನೋಡದವರು.
ಐದನೆಯ ಜಾಗಕ್ಕೆ ದಿನಕ್ಕೊಬ್ಬರು.

ಆ ರಾತ್ರಿ ಬಂದವರ ಹೆಸರು ಗಾಳಿಕೋಳಿ.
ಹತ್ತು ನಿಮಿಷ ಮಾತಿಲ್ಲ. ಆಟ ಮಾತ್ರ, ಹದವಾದ ಆಟ.
ಆಮೇಲೆ ಒಂದೇ ಸಾಲು:
"ಎಡಕ್ಕೆ ಇಬ್ಬರು, ಮೆಟ್ಟಿಲ ಕೆಳಗೆ."

ಹೆಣ್ಣುದನಿ.

ಕ್ಯೋಸ್ತಿ ನಕ್ಕ. ಯಾರ ಹೆಂಡತಿ ಇದು, ಅವನೆಲ್ಲಿ ಸತ್ತ, ಅಂದ.
ಇಲ್ಪೋ ಅಂದ: ಒಲೆ ಮೇಲೆ ಏನೋ ಸೀಯುತ್ತಿದೆ, ಹೋಗಿ ನೋಡಮ್ಮ.
ಮೂರನೆಯವನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.
ಬರೆದರೆ ಎರಡನೆಯ ಸಲ ಅಂದ ಹಾಗೆ.

ಇನ್ನು ನಾಲ್ಕನೆಯವನು.
ನಾಲ್ಕನೆಯವನ ನಾಲಿಗೆ ಅವನ ಬಾಯಲ್ಲೇ ಇತ್ತು.
ಮಾತು ಬೆಳ್ಳಿ, ಮೌನ ಬಂಗಾರ ಅಂತ ನಮ್ಮಜ್ಜಿಯೂ ಹೇಳುತ್ತಿದ್ದಳು;
ಪಾಪ, ಅವಳ ಕಾಲದಲ್ಲಿ ಮ್ಯೂಟ್ ಗುಂಡಿ ಇರಲಿಲ್ಲ.
ನನ್ನ ಬೆರಳ ತುದಿಗಿತ್ತು. ಒತ್ತಿದೆ.
ಯಾರನ್ನು? ಆ ಮೂವರನ್ನಲ್ಲ.
ಅವಳನ್ನು.
ಅವಳ ಹೆಸರು ಬೂದಿ ಬಣ್ಣಕ್ಕೆ ತಿರುಗಿತು. ಸದ್ಯ, ಜಗಳ ತಪ್ಪಿತು ಅಂದುಕೊಂಡೆ.

ಎಡಕ್ಕೆ ಇಬ್ಬರಿದ್ದರು, ಮೆಟ್ಟಿಲ ಕೆಳಗೆ.

*

ಮೂರು ದಿನ ಬಿಟ್ಟು ಸಮುದ್ರದ ಮೇಲೆ ಮಂಜು.
ನಮ್ಮ ದೋಣಿಯ ಮೂತಿ ನಮಗೇ ಕಾಣದಷ್ಟು.
ಹಿಂದೆ ಕಾಗದದ ಉರುಳೆ ತುಂಬಿದ ಹಡಗು,
ಕೆಳಗೆ ನೀರ್ಗಲ್ಲು, ಕಟಕಟ ಹಲ್ಲು ಕಡಿಯುತ್ತ.
ಹದಿಮೂರನೇ ಚಾನೆಲ್ಲಿನಲ್ಲಿ ಬಂದರಿನ ಕಾವಲು ಕೋಣೆ ಮಾತಾಡಿತು:
"ಎಡಕ್ಕೆ ಇನ್ನೆರಡು ಡಿಗ್ರಿ. ನಿಧಾನ."

ನನ್ನ ಕೈಯಲ್ಲಿ ಹಗ್ಗ ಹಾಗೇ ನಿಂತಿತು.

ಅದೇ ದನಿಯೇ? ಆಣೆ ಮಾಡಿ ಹೇಳಲಾರೆ.
ಕೊಂಚ ಒಡೆದ, ಅವಸರವಿಲ್ಲದ ಗಂಟಲು
ಈ ಕರಾವಳಿಯಲ್ಲಿ ಎಷ್ಟಿಲ್ಲ!
ಆದರೆ ನಮ್ಮ ಕ್ಯಾಪ್ಟನ್ ತೂರೆ,
ಪಾದ್ರಿಯ ಮಾತಿಗೂ ಡಾಕ್ಟರ ಮಾತಿಗೂ ಹೂಂ ಅನ್ನದವನು,
ಮೈಕು ಎತ್ತಿ, "ಕೇಳಿಸಿತು. ಎಡಕ್ಕೆ ಇನ್ನೆರಡು. ನಿಧಾನ," ಅಂದ.
ಹೇಳಿದ್ದನ್ನೇ ತಿರುಗಿ ಹೇಳಬೇಕು. ಅದು ನಿಯಮ.
ಹಡಗು ಆ ಮಾತಿನ ಎಳೆ ಹಿಡಿದು ದಡ ಮುಟ್ಟಿತು.
ಒಲೆಯ ಮೇಲೆ ಏನು ಸೀಯುತ್ತಿದೆಯೆಂದು ಯಾರೂ ಕೇಳಲಿಲ್ಲ.

ಮೆಟ್ಟಿಲು ಹತ್ತಿ ಹೋಗಿ ಕ್ಷಮೆ ಕೇಳಬಹುದಿತ್ತು.
ಅವಳಲ್ಲದಿದ್ದರೆ ನಗೆಪಾಟಲು.
ಅವಳೇ ಆಗಿದ್ದರೆ...
ಹೋಗಲಿಲ್ಲ.

*

ಮಾರ್ಚಿನಲ್ಲಿ ಇನ್ನೊಬ್ಬಳು ಬಂದಳು. ಇನ್ನೂ ಶಾಲೆಯ ದನಿ.
"ಹಿಂದೆ ಒಬ್ಬ," ಅಂದಳು.
ಕ್ಯೋಸ್ತಿ ನಗಲೆಂದು ಉಸಿರು ಎಳೆದುಕೊಂಡದ್ದು ಕಿವಿಗೆ ಬಿತ್ತು.
ಆ ಉಸಿರಿಗೂ ಆ ನಗೆಗೂ ನಡುವೆ ಜಾಗ ಎಷ್ಟು?
ಒಂದು ಗುರಾಣಿಯಷ್ಟು.

"ಕೇಳಿಸಿತು," ಅಂದೆ. "ಹಿಂದೆ ಒಬ್ಬ."
ನನ್ನ ದನಿ ಮೀಸೆ ಮೂಡದ ಹುಡುಗನ ಹಾಗೆ ಸೀಳಿತು.
"ಕ್ಯೋಸ್ತಿ, ಬಾಯಿ ಮುಚ್ಚು. ನೀನು ಇಲ್ಲಿಯವರೆಗೆ ಅಂದದ್ದೆಲ್ಲ
ತಾರೀಖು ಸಮೇತ ಬರೆದಿಟ್ಟಿದ್ದೇನೆ, ದೂರು ಕೊಡುತ್ತೇನೆ."
ಬರೆದಿಟ್ಟಿರಲಿಲ್ಲ.
ಅವತ್ತಿನಿಂದ ಬರೆಯುತ್ತೇನೆ.

ನನಗೂ ಒಂದಿಷ್ಟು ಬಿತ್ತು: ಲಂಗದ ನೆರಳಲ್ಲಿ ಬದುಕುವವನು, ಇತ್ಯಾದಿ.
ಕ್ಯೋಸ್ತಿ ಹೋದ. ಇಲ್ಪೋ ಹೋದ.
ಎರಡು ವರ್ಷದ ಗೆಳೆತನ, ಎರಡು ಕ್ಲಿಕ್ಕು.
ಮೂರನೆಯವನು ಯಾಕೋ ಉಳಿದ, ತುಟಿ ಬಿಚ್ಚದೆ.
ಅವನ ಮೌನದ ತೂಕ ನನಗೆ ಗೊತ್ತು, ನಾನೇ ಹೊತ್ತದ್ದು.

ಐವರ ಆಟ ಮೂವರು ಆಡಿದರೆ ಏನಾಗಬೇಕೋ ಅದೇ ಆಯಿತು.

ಪರದೆ ಕಪ್ಪಾಗುವ ಮುಂಚೆ ಆ ಹುಡುಗಿ ಏನೋ ಹೇಳಹೊರಟಳು.
ಥ್ಯಾಂಕ್ಸ್ ಇರಬೇಕೆಂದು ನಾನು ಎದೆ ಸ್ವಲ್ಪ ಉಬ್ಬಿಸಿದ್ದೆ.
"ಬಾಗಿಲು ಬಿಟ್ಟು ಬಂದೆ ನೀನು," ಅಂದಳು. "ಅದಕ್ಕೇ ಸೋತದ್ದು."

"ಕೇಳಿಸಿತು," ಅಂದೆ.
"ಬಾಗಿಲು ಬಿಟ್ಟು ಬಂದೆ."