ಐದು ಡಿಗ್ರಿಯ ನಿದ್ದೆ

ಆರನೇ ಕ್ಲಾಸಿನ ಪುಸ್ತಕ ಹಿಡಿದು ಗಂಗೋತ್ರಿ ಕೇಳಿದಳು:
'ಅಪ್ಪ, ಶಿಶಿರನಿದ್ರೆ ಅಂದ್ರೆ?'
ಪುಟದಲ್ಲೊಂದು ಕರಡಿ, ಮೇಲೆಲ್ಲ ಹಿಮ.
ಶಿಡ್ಲಘಟ್ಟದಲ್ಲಿ ನಾನು ಕಂಡ ಹಿಮವೆಂದರೆ
ಐಸ್‌ಕ್ಯಾಂಡಿ ಡಬ್ಬಿಯ ಒಳಗೋಡೆಯದು,
ಮತ್ತೆ, ನಾನು ರಾತ್ರಿ ಕಾಯುವ
ಮೊಟ್ಟೆ ಕೋಣೆಯ ಕೊಳವೆಯದು.
'ಚಳಿಗೆ ಮಲಗೋದು' ಅಂದೆ.
'ಮತ್ತೆ ಅಜ್ಜಿ ಚಳಿಗೇ ಏಳ್ತಾಳಲ್ಲ?'
ಹೌದು, ಧನುರ್ಮಾಸದಲ್ಲಿ ಅವಳು ಮೂರಕ್ಕೇ ಎದ್ದು
ನಮ್ಮನ್ನೆಲ್ಲ ಎಬ್ಬಿಸುವವಳು.

ಆ ಪದ ಸೈಕಲ್ಲಿನ ಕ್ಯಾರಿಯರ್ ಮೇಲೆ
ಊಟದ ಡಬ್ಬಿಯ ಪಕ್ಕ ಕೂತು
ನನ್ನ ಜೊತೆ ಪಾಳಿಗೆ ಬಂತು.

ನಿದ್ದೆಗೆ ನಮ್ಮಲ್ಲಿ ಹೆಸರಿಗೇನು ಬರವೆ?
ಚಿಂತಾಮಣಿ ಬಸ್ಸಿನ ಕಿಟಕಿಗೆ ಹಣೆ ಬಡಿಸುವುದು ತೂಕಡಿಕೆ,
ಮುದ್ದೆ ಉಂಡ ಮಧ್ಯಾಹ್ನದ್ದು ಜೊಂಪು.
ಬಾಣಂತಿಯದು ಕೋಳಿನಿದ್ದೆ.
ಚೀಟಿ ದುಡ್ಡು ಕೇಳಲು ಹೋದರೆ
ಪಿಳ್ಳಮ್ಮನದು ಕಳ್ಳನಿದ್ದೆ,
ಗೊರಕೆ ಸಮೇತ.
ಕಾಲೊಂದೇ ಮಲಗಿದರೆ ಜೋಮು.
ದೇವರು ಮಾತ್ರ ಮಲಗುವುದಿಲ್ಲ, ಪವಡಿಸುತ್ತಾನೆ.
ಮುನಿರತ್ನಳ ತವರಿನ ತೆಲುಗಲ್ಲಿ ಕುನುಕು;
ನೂಲು ಬಿಚ್ಚುವ ಮೌಲಾ ಸಾಬರ ಬಾಯಲ್ಲಿ ಝಪ್ಕಿ.
'ಒಂದೇ ಝಪ್ಕಿ ಸೊಣ್ಣಪ್ಪ, ಈಗ ಬಂದೆ'
ಎಂದು ಹೋದವರು
ಬರುವುದು ಸಂಜೆ ಟೀಗೆ.

ಹುಳದ ನಿದ್ದೆಗೆ ಜ್ವರ ಎಂದರು ಹಿಂದಿನವರು.
'ಎರಡನೇ ಜ್ವರಕ್ಕೆ ಕೂತವೆ, ಮೆತ್ತಗೆ ಮಾತಾಡ್ರಿ'
ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು ಅಮ್ಮ.
ತಲೆ ಎತ್ತಿ, ಸೊಪ್ಪು ಮುಟ್ಟದೆ,
ತಟ್ಟೆ ತುಂಬ ಸಾವಿರ ಹುಳ ಸುಮ್ಮನೆ
ಹಳೇ ಚರ್ಮದೊಳಗೆ ಹೊಸ ಚರ್ಮ ಹೊಲಿದುಕೊಳ್ಳುವಾಗ
ನಾನೂ ಉಸಿರು ಹಿಡಿಯುತ್ತಿದ್ದೆ.
ಯಾಕೆ ಜ್ವರ ಅಂದರೋ.
ಮುಟ್ಟಿದರೆ ತಣ್ಣಗೇ ಇರುತ್ತಿತ್ತು.

ಒಮ್ಮೆ ಅಮಾನಿಕೆರೆಯ ಒಣಗಿದ ಅಂಗಳದಲ್ಲಿ
ಹೂಳೆತ್ತುವಾಗ ಒಡೆದ ಹೆಂಟೆಯೊಳಗೆ ಒಂದು ಕಪ್ಪೆ,
ಜೀವವಿತ್ತು. ಗಂಟಲು ಮಾತ್ರ ಮಿಡಿಯುತ್ತಿತ್ತು.
ಬಿಸಿಲಿಗೆ ಮಲಗಿದ್ದು ಅದು, ಚಳಿಗಲ್ಲ.
ಅದರ ಚಿತ್ರ ಗಂಗೋತ್ರಿಯ ಪುಸ್ತಕದಲ್ಲಿಲ್ಲ.
ಹೆಂಟೆಯನ್ನು ಮತ್ತೆ ಜೋಡಿಸಿ ಇಟ್ಟೆ.
ಸರಿಯಾಗಿ ಕೂಡಲಿಲ್ಲ.

ಊರ ಹಳದಿ ಗೂಡಿನ ತಳಿಗೆ ಈ ನಿದ್ದೆ ಗೊತ್ತಿಲ್ಲ;
ಇಟ್ಟ ಹತ್ತನೇ ದಿನಕ್ಕೆ ಮರಿ, ವರ್ಷವಿಡೀ ಗಡಿಬಿಡಿ.
ಬಿಳಿ ಗೂಡಿನದು ಹಾಗಲ್ಲ.
ಹಾಳೆಗೆ ಅಂಟಿದ ಗಸಗಸೆಯಂತೆ, ಬೂದು ಬಣ್ಣಕ್ಕೆ ತಿರುಗಿ,
ಚಳಿಗಾಲ ಮುಗಿಯಲಿ ಎಂದು ಕಾಯುತ್ತದೆ.
ನಮ್ಮೂರಲ್ಲಿ ಅಂಥ ಚಳಿಗಾಲ ಎಲ್ಲಿಂದ ತರುವುದು?
ಅದಕ್ಕೇ ನಾನು.
ಹೊರಗೆ ವೈಶಾಖ, ರಾತ್ರಿಯೂ ಗೋಡೆ ಸುಡುತ್ತದೆ.
ಒಳಗೆ, ಸಂಬಳಕ್ಕೆ, ಶಿಶಿರ.
ರಿಜಿಸ್ಟರಿನ ಹಣೆಯ ಮೇಲೆ 'ಸುಪ್ತಾವಸ್ಥೆ' ಎಂದಿದೆ,
ಕೆಳಗೆ ಗಂಟೆಗೊಮ್ಮೆ ನಾನು ಬರೆಯುವ ಐದು, ಐದು, ಐದು.
ಕರೆಂಟ್ ಹೋದರೆ ಓಡಿ ಜನರೇಟರ್ ಹಗ್ಗ ಎಳೆಯಬೇಕು,
ಇಲ್ಲದಿದ್ದರೆ ಅವಕ್ಕೆ ಅದೇ ಯುಗಾದಿ.
ಲಕ್ಷ ಜೀವ ಮಲಗಿರಲು
ಒಬ್ಬ ನಿದ್ದೆಗೆಡಬೇಕು.

ಹೋದ ಗುರುವಾರ ನನ್ನ ಕಣ್ಣು ಹತ್ತಿತು.
ಫ್ಯಾನಿನ ಸದ್ದು ನಿಂತದ್ದೇ ಗೊತ್ತಾಗಲಿಲ್ಲ.
ಎದ್ದಾಗ ಕುತ್ತಿಗೆ ಬೆವರು, ಮುಳ್ಳು ಒಂಬತ್ತರಲ್ಲಿ.
ಹಗ್ಗ ಎಳೆದೆ. ಕೈ ನಡುಗುತ್ತಿತ್ತು.
ಹಾಳೆಗೆ ಕಿವಿಯಿಟ್ಟೆ. ಎಂಥ ಹುಚ್ಚು!
ಆಮೇಲೆ ರಿಜಿಸ್ಟರ್ ತೆಗೆದು
ಐದು ಎಂದು ಬರೆದೆ.

ಆ ಹೊತ್ತಿಗೆ ಏನು ಹೆಸರಿಡುವುದು?
ಜೊಂಪು ಅಂದರೆ ಕಡಿಮೆಯಾಯಿತು,
ತಪ್ಪು ಅಂದರೆ ನೌಕರಿ ಹೋಗುತ್ತದೆ.

ಬೆಳಿಗ್ಗೆ ಮನೆಗೆ ಬಂದು ಕಿಟಕಿಗೆ ಗೋಣಿ ಕಟ್ಟಿ ಮಲಗಿದೆ.
ಅಂಗಳದಲ್ಲಿ ಮಕ್ಕಳ ಕುಂಟೆಬಿಲ್ಲೆ.
ಮುನಿರತ್ನ ಗದರಿದ್ದು ಕೇಳಿಸಿತು,
'ಮೆತ್ತಗೆ ಆಡ್ಕೊಳ್ರೇ,
ನಿಮ್ಮಪ್ಪ ಜ್ವರಕ್ಕೆ ಕೂತವ್ನೆ.'
ಗಂಗೋತ್ರಿ ಕಿಸಕ್ಕೆಂದಳು.
ನನಗೂ ನಗು ಬಂತು, ಗೋಡೆ ಕಡೆ ತಿರುಗಿ ಮುಸುಕೆಳೆದೆ.
ರೆಪ್ಪೆಯೊಳಗೆ ಮುಳ್ಳು
ಇನ್ನೂ ಒಂಬತ್ತರಲ್ಲೇ.