ಎಡಕ್ಕೆರಡು ಬೆರಳು

ಜೂನ್ ಹನ್ನೊಂದು.
ಕಲಬುರಗಿಯ ಬಿಸಿಲಿಗೆ ಮುಂಗಾರಿನ ಸುದ್ದಿ ಇನ್ನೂ ಮುಟ್ಟಿಲ್ಲ.
ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ
ಒಂದರಿಂದ ಹನ್ನೆರಡು ಅಂಕಿ ಬರೆದು ಕೂತಿದ್ದೇನೆ.
ಏಳಕ್ಕೆ ಹೆಸರಿದೆ. ಉಳಿದದ್ದು ಬರೀ ಬಿಳಿ.

ಗಾಯತ್ರಿ ಹಡಪದ ಬಿ.ಎಡ್‌ಗೆಂದು ಸೇಡಂ ಸೇರಿದಳು.
ರುಖಿಯಾಳ ನಿಕಾಹ್ ಗೊತ್ತಾಯಿತು,
ಕಾರ್ಡಿನ ಜೊತೆ ಜರ್ಸಿಯನ್ನೂ ಒಗೆದು
ಇಸ್ತ್ರಿ ಮಾಡಿ ತಂದುಕೊಟ್ಟಳು, ಒಂಬತ್ತನೆಯ ನಂಬರು.
ಬೀರುವಿನಲ್ಲಿಟ್ಟೆ. ಯಾಕೋ ಬೀಗ ಹಾಕಲಿಲ್ಲ.

ಇರುವವರಲ್ಲಿ ಪಾರ್ವತಿ ಮೂಲಗೆ ಓಡುತ್ತಾಳೆ,
ಎಲ್ಲಿಗೆಂದು ಚೆಂಡಿಗೂ ತಿಳಿಸುವುದಿಲ್ಲ.
ತಾಂಡಾದ ಸೀತಲ್ ರಾಠೋಡ್ ಐದಡಿ ಒಂದಿಂಚು;
ಅವಳ ಕೈಗೆ ಸಿಕ್ಕ ಚೆಂಡು
ಪೊಲೀಸ್ ಠಾಣೆಗೆ ಹೋದ ಸೈಕಲ್ಲು, ವಾಪಸ್ಸಿಲ್ಲ.
ಇನ್ನಿಬ್ಬರು ಅಕ್ಕತಂಗಿಯರು,
ಮನೆಯಲ್ಲಿ ಜಗಳವಾದ ದಿನ ಒಬ್ಬರಿಗೊಬ್ಬರು ಪಾಸು ಕೊಡರು.

ಎತ್ತರದವಳೊಬ್ಬಳು ಬೇಕು.
ರಿಂಗಿನ ಕೆಳಗೆ ನಿಂತು ಕೈಯೆತ್ತಿದರೆ
ಎದುರಿನವರಿಗೆ ಸಂಜೆಯಾಗಬೇಕು.

ಯಾದಗಿರಿಗೆ ಪ್ಯಾಸೆಂಜರ್ ಹಿಡಿದೆ,
ವಾಡಿಯಲ್ಲಿ ಎಂದಿನಂತೆ ಅದು ನಿದ್ದೆ ಹೋಯಿತು.
ಮೋನಮ್ಮ ಕಂದಕೂರ, ಪಿಯು ಪಾಸು,
ಬಾಗಿಲಿಗೆ ಬಂದವಳು ತಲೆ ಬಗ್ಗಿಸಿಯೇ ಹೊರಬಿದ್ದಳು.
ನನಗೆ ಅಷ್ಟೇ ಸಾಕಾಗಿತ್ತು.
ಅಪ್ಪ ಗಂಜಿನಲ್ಲಿ ತೂಕ ಮಾಡುವವ.
‘ಬೀದರದವರು ಬಂದು ಹೋಗ್ಯಾರ್ರೀ ಮೇಡಂ.
ಹಾಸ್ಟೆಲ್ ಫುಕಟ್, ಊಟ ಫುಕಟ್,
ವರ್ಷಕ್ಕ ಎರಡ್ ಜೋಡಿ ಬೂಟು.
ನಿಮ್ದೇನದ?’

ಅರ್ಧ ಫೀಸು, ಅಂದೆ. ದಿನಕ್ಕೆ ಎರಡು ತತ್ತಿ.
ಮತ್ತೆ ನಾನು.
ಮುಳ್ಳು ನಿಲ್ಲುವ ತನಕ ಕಾಯುವವನ ಹಾಗೆ
ಅವನು ಸುಮ್ಮನಿದ್ದ.

ಐತವಾರ ಇಬ್ಬರೂ ಟ್ರಯಲ್ಸಿಗೆ ಬಂದರು.
ಬಿರುಕು ಬಿಟ್ಟ ಸಿಮೆಂಟು, ಅಂಚಿಗೆ ಶಹಾಬಾದಿ ಕಲ್ಲು,
ಬೆಳಿಗ್ಗೆ ಎಂಟಕ್ಕೇ ಅಂಗಾಲು ಸುಡುವ ಅಂಕಣ.
ಮೊದಲ ಆರು ಎಸೆತ ತುಟಿ ಸವರಿ ಹೊರಬಿದ್ದವು.
ಅವಳ ಮುಖ ಸಣ್ಣದಾಯಿತು.
ತಡೆಯಲಾಗಲಿಲ್ಲ, ಹತ್ತಿರ ಹೋಗಿ ಹೇಳಿಬಿಟ್ಟೆ:
‘ಬೋರ್ಡಿನ ಚೌಕ ನಂಬಬ್ಯಾಡವ್ವ.
ಈ ರಿಂಗು ಎಡಕ್ಕ ಎರಡು ಬೆರಳು ವಾಲ್ಯದ.’

ಹನ್ನೆರಡು ವರ್ಷದಿಂದ ನಮ್ಮ ಹುಡುಗಿಯರಿಗಷ್ಟೇ ಗೊತ್ತಿದ್ದ ಮಾತು.
ಎಷ್ಟು ಊರಿನ ತಂಡಗಳು ಇಲ್ಲಿ ಸೋತು
ಗಾಳಿಯನ್ನು ಬೈದು ಬಸ್ಸು ಹತ್ತಿವೆ!

ಆಮೇಲೆ ಹದಿನಾಲ್ಕು, ಒಂದರ ಹಿಂದೊಂದು.
ಪೈಪು ಹಿಡಿದಿದ್ದ ಲಾಡ್ಲೇಸಾಬ
ನಲ್ಲಿ ಬಂದ್ ಮಾಡುವುದನ್ನೇ ಮರೆತ.
ಚಪ್ಪಲಿಯೊಳಗೆ ನೀರು ಹೊಕ್ಕಿದ್ದು
ನನಗೂ ತಿಳಿಯಲಿಲ್ಲ.

ಗುರುವಾರ ಫೋನು.
‘ಬೀದರಕ್ಕ ಹಚ್ಚೀನ್ರೀ. ಬ್ಯಾಸರ ಮಾಡ್ಕೋಬ್ಯಾಡ್ರಿ.’
ಮಾಡಿಕೊಳ್ಳಲಿಲ್ಲ ಎಂದೆ. ಸುಳ್ಳು.
ಆಮೇಲೆ ಅವಳೇ ಫೋನು ಇಸಿದುಕೊಂಡಳು, ಉಸಿರಿನಷ್ಟು ಸಣ್ಣ ದನಿ:
‘ಮೇಡಂ, ರಿಂಗಿಂದು ನಾ ಯಾರಿಗೂ ಹೇಳಂಗಿಲ್ಲ.’

ನವೆಂಬರಿನಲ್ಲಿ ಬೀದರಿನವರು ಆಡಲು ಇಲ್ಲಿಗೇ ಬರುತ್ತಾರೆ.
ಅವಳು ಹೇಳಲಿಕ್ಕಿಲ್ಲ.
ಆದರೆ ಕೈಗೆ ಗೊತ್ತಾದದ್ದನ್ನು ಕೈ ಮರೆಯುತ್ತದೆಯೇ?

ಎಂಟನೆಯ ಅಂಕಿಯ ಮುಂದೆ ಅವಳ ಹೆಸರು ಬರೆದು
ಒಂದೇ ಗೆರೆ ಎಳೆದೆ, ಓದಲು ಬರುವಂತೆ.
ಮಧ್ಯಾಹ್ನ ಚಿಂಚೋಳಿ ಕಡೆಯ ಹುಡುಗಿಯೊಬ್ಬಳು
ಬಾಗಿಲಲ್ಲಿ ನಿಂತು ಕೇಳಿದಳು,
‘ಖೋಖೋ ಆಡಿದ್ದರ ನಡೀತದೇನ್ರೀ?’
ಒಳಗೆ ಬಾ ಎಂದೆ. ಎತ್ತರ ಕೇಳಲಿಲ್ಲ.

ಸಂಜೆ ಲಾಡ್ಲೇಸಾಬ ಕಂಬದ ಬುಡದಲ್ಲಿ ನಿಂತು ಮೇಲೆ ನೋಡಿದ:
‘ವೆಲ್ಡಿಂಗ್‌ನವಗ ಮುನ್ನೂರು ಕೊಟ್ರ ಸೀದಾ ಮಾಡ್ತಾನ.
ಕರೀಲೇನ್ರೀ?’

ಬ್ಯಾಡ, ಎಂದೆ.
ಬಲೆ ಹರಿದದ. ಅದಷ್ಟು ಹೊಸದು ಹಾಕು.