ಎಂಬತ್ತಾರಕ್ಕೇ ಕುದಿಯುವ ನೀರು

ಕೈಪಿಡಿ ಹೇಳುತ್ತದೆ: ಕುದಿನೀರಲ್ಲಿ, ತೊಂಬತ್ತೈದು ಡಿಗ್ರಿ,
ಒಂದು ಗಂಟೆ ಇಡಿ.
ಬರೆದವರು ಕಡಲ ಮಟ್ಟದವರು.
ಎಲ್ ಆಲ್ತೊದಲ್ಲಿ ನೀರು ಎಂಬತ್ತಾರಕ್ಕೇ ಕೊತಕೊತ ಕುದಿದು
ಇನ್ನು ನನ್ನ ಕೈಲಾಗದು ಅನ್ನುತ್ತದೆ.
ಎಷ್ಟು ಉರಿ ಹಾಕಿದರೂ ಅಷ್ಟೇ.
ಆಲೂಗಡ್ಡೆ ಬೇಯಿಸುವ ಯಾವ ಹೆಂಗಸನ್ನು ಕೇಳಿದರೂ ಹೇಳಿಯಾಳು.
ಕೈಪಿಡಿ ಕೇಳಿಲ್ಲ.

ಹಾಗಾಗಿ ನಾನು, ಇಲಾರಿಯಾ ಚೋಕೆ,
ಈ ಲ್ಯಾಬಿಗೆ ಒಬ್ಬಳೇ ಟೆಕ್ನಿಶಿಯನ್,
ನೀರು ಬಿಟ್ಟು, ತೂತು ಕೊರೆದ ಲೋಹದ ದಿಮ್ಮಿಯಲ್ಲಿ
ಕೊಳವೆಗಳನ್ನು ಕಾಯಿಸುತ್ತೇನೆ.
ನಲವತ್ತೆಂಟು ಬಸುರಿಯರ ರಕ್ತದ ತಿಳಿ, ಒಣಹುಲ್ಲಿನ ಬಣ್ಣ.
ಹೆಸರಿಲ್ಲ. ಸಂಖ್ಯೆ ಮಾತ್ರ.

ಹುಡುಕುತ್ತಿರುವುದು ಉರಿಯನ್ನಲ್ಲ,
ಉರಿದ ಮೇಲೆ ಉಳಿದದ್ದನ್ನು.
ಕೊಬ್ಬು ಮುರಿದು ಬಿದ್ದ ಚೂರು;
ಹಳೇ ಎಣ್ಣೆಯ ಕಮಟು ಇದೆಯಲ್ಲ, ಅದೇ ವಂಶ.
ಮ್ಯಾಲೊಂಡಿಆಲ್ಡಿಹೈಡ್. ನಾಲಗೆಗೆ ಒಗ್ಗದ ಹೆಸರು.
ಮದ್ದು ಸೇರಿಸಿ ಕಾಯಿಸಿದರೆ ಗುಲಾಬಿಯಾಗುತ್ತದೆ.
ಹೆಚ್ಚು ಉರಿದಷ್ಟೂ ಹೆಚ್ಚು ಗುಲಾಬಿ,
ಹುಟ್ಟಲಿರುವ ಕೂಸಿನ ಟೋಪಿಗೆಂದು
ಸಂತೆಯಲ್ಲಿ ಆರಿಸುವ ಉಣ್ಣೆಯ ಹಾಗೆ.

ಇಲ್ಲಿ ಗಾಳಿಯೇ ತೆಳು.
ಬಸ್ಸಿಗೆಂದು ಓಡಿದ ಪ್ರವಾಸಿಗರು ಗೋಡೆ ಹಿಡಿದು ಕೂರುತ್ತಾರೆ.
ಇಷ್ಟು ಬಡ ಆಮ್ಲಜನಕ
ಒಳಗೆ ಹೋಗಿ ಹೇಗೆ ಬೆಂಕಿಯಾಗುತ್ತದೆ?
ಮಾಸು ಆಳಕ್ಕೆ ಬೇರಿಳಿಸದಿದ್ದರೆ, ಅನ್ನುತ್ತಾರೆ ಡಾಕ್ಟರ್,
ನೆತ್ತರು ಬಂದು ನಿಂತು, ನಿಂತು ಬಂದು
ಅಲ್ಲೇ ಕಿಡಿ ಏಳುತ್ತದೆ. ಕಿಡಿ ನಾಳನಾಳಕ್ಕೆ ದಾಟುತ್ತದೆ.
ಆರಿಸುವವರೂ ಇದ್ದಾರೆ, ಗ್ಲುಟಾಥಯೋನು, ವಿಟಮಿನ್ನು:
ಊರಿಗೂರೇ ಹೊತ್ತಿಕೊಂಡಾಗ
ಬಕೆಟ್ ಹಿಡಿದ ನಾಲ್ಕು ಮಂದಿ.

ಅದೂ ಒತ್ತಡ, ಇದೂ ಒತ್ತಡ.
ತೋಳಿಗೆ ಪಟ್ಟಿ ಬಿಗಿದು ಅಳೆಯುವುದೊಂದು,
ಕೊಳವೆಯ ಬಣ್ಣದಲ್ಲಿ ಅಳೆಯುವುದೊಂದು.
ಹೊತ್ತವಳ ಒಳಗೆ ಹೊತ್ತಿದ್ದು
ಹೊತ್ತು ಮೀರಿ ಗೊತ್ತಾಗುತ್ತದೆ.

ಇಪ್ಪತ್ತಾರನೇ ಕೊಳವೆ.
ಅಂಥ ಗುಲಾಬಿ ನಾನು ಕಂಡಿರಲಿಲ್ಲ.
ಯಂತ್ರಕ್ಕಿಡುವ ಮುಂಚೆ ಕಿಟಕಿಗೆ ಹಿಡಿದೆ;
ಆಚೆ ಇಲ್ಲಿಮಾನಿಯ ಹಿಮಕ್ಕೂ ಸಂಜೆಯ ಅದೇ ಬಣ್ಣ.
ಹೆಸರು ನೋಡಬಾರದು. ಪಟ್ಟಿ ತೆರೆದೆ.
ಸತುರ್ನಿನಾ ಅಪಾಸಾ. ಮೂವತ್ತೊಂದು ವಾರ.
ಸಂತೆಯಲ್ಲಿ ಬೀಗ ಮಾರುವವಳು.
ಫೋನ್ ಎತ್ತಿಕೊಂಡೆ. ಆಮೇಲೆ ತಾರೀಕು ಕಂಡಿತು.

ಈ ರಕ್ತ ಫ್ರೀಜರಿನಲ್ಲಿ ಮಲಗಿ ಐದು ತಿಂಗಳು.
ಅಂದೇ ನರ್ಸು ಪಟ್ಟಿ ಬಿಗಿದಿದ್ದಳು:
ನೂರ ಎಪ್ಪತ್ತು, ನೂರ ಹದಿನೈದು.
ಕಣ್ಣ ಮುಂದೆ ಬೆಸುಗೆಯ ಕಿಡಿ ಹಾರುತ್ತಿವೆ ಅಂದಳಂತೆ.
ಮೆಗ್ನೀಸಿಯಮ್ ಹನಿಸಿ, ಬೆಳಗಾಗುವ ಮುಂಚೆ ಕೂಸನ್ನು ತೆಗೆದರು.
ಕಡತ ಅಲ್ಲಿಗೆ ಮುಗಿಯುತ್ತದೆ.
ನನ್ನ ಗುಲಾಬಿ ಅಂದು ಯಾರಿಗೂ ಬೇಕಿರಲಿಲ್ಲ.

ಆದರೂ ಬರೆದಿಟ್ಟೆ, ದಶಾಂಶ ಬಿಡದೆ.
ಮುಂದೆ ಯಾವಳೋ ಒಬ್ಬಳಿಗೆ, ಕಿಡಿ ಕಾಣುವ ಮುಂಚೆಯೇ,
ಇದು ಒದಗಬಹುದು.
ಒದಗದೆಯೂ ಇರಬಹುದು.

ಭಾನುವಾರ ಸಂತೆಗೆ ಹೋದೆ. ಬೀಗ ಬೇಕಿರಲಿಲ್ಲ.
ಮೂರನೇ ಸಾಲಿನಲ್ಲಿ, ನೀಲಿ ತಾಡಪಾಲಿನ ಕೆಳಗೆ
ಕೀಲಿಕೈಗಳನ್ನು ಜೋಡಿಸುತ್ತ ಒಬ್ಬಳು;
ಬೆನ್ನಿಗೆ ಕಟ್ಟಿದ ಬಣ್ಣದ ಬಟ್ಟೆಯೊಳಗೆ
ಅಂಗೈಯಗಲದ ಮುಖ, ನಿದ್ದೆಯಲ್ಲೂ ಹುಬ್ಬು ಗಂಟು.
ಎಷ್ಟು, ಅಂದೆ, ಏನು ಕೇಳುವುದೆಂದು ತೋಚದೆ.
ಹನ್ನೆರಡು. ನಿನಗಾದರೆ ಹತ್ತು.

ಟೋಪಿ ಹಳದಿ.